ಆದಾಯ, ವ್ಯಯ ಮತ್ತು ನಮ್ಮ ಎಂಟು ಬೇಸ್‌ಬಾಲ್ ತಂಡಗಳು

ನಿನ್ನೆ ರಾತ್ರಿ ಹತ್ತೂವರೆಗೆ ಮುಲುಂಡಿನಿಂದ ಭಾವನ ಫೋನ್ ಬಂತು. ಊಟವಾಯಿತೇ ಎಂಬ ಮಾತೂ ಇಲ್ಲ. "ಗೆದ್ದ ತಂಡವನ್ನು ನಾಲ್ಕನೆಯ ಸ್ಥಾನಕ್ಕೆ ತಳ್ಳಿದ್ದೀಯಂತೆ. ನಿನಗೆ ಹೆಣ್ಣು ಕೊಟ್ಟವರಿಗೂ ಹೀಗೆಯೇ ಲೆಕ್ಕ ಹಾಕುತ್ತೀಯಾ?" ಅವರ ಮನೆಯಿಂದ ನಾನು ಹೆಣ್ಣು ತಂದಿಲ್ಲ, ನಮ್ಮ ಅಕ್ಕನನ್ನು ಅವರಿಗೆ ಕೊಟ್ಟವರು ನಾವು. ಸಿಟ್ಟಿನಲ್ಲಿ ಅದೂ ಮರೆತುಹೋಗಿತ್ತು.

ಜಗಳ ನಡೆದದ್ದು ಇಲ್ಲದ ಆಟಗಾರರ ಬಗ್ಗೆ, ಹೊಸ ಸೀಸನ್ನಿನಲ್ಲಿ ಯಾರಿಗೆ ಎಷ್ಟನೆಯ ಸ್ಥಾನ ಎಂದು ನಾನು ಬರೆದ ಮುನ್ನೋಟದ ಬಗ್ಗೆ. ಮುಂಬಯಿಯ ನಾವು ಎಂಟು ಜನ ಕನ್ನಡಿಗರು 2020ರ ಲಾಕ್‌ಡೌನ್‌ನಲ್ಲಿ ಕಂಪ್ಯೂಟರಿನೊಳಗೆ ಒಂದು ಬೇಸ್‌ಬಾಲ್ ಲೀಗ್ ಕಟ್ಟಿಕೊಂಡೆವು. ಆ ವರ್ಷ ಅಮೆರಿಕದ ನಿಜವಾದ ಲೀಗೇ ಜುಲೈವರೆಗೆ ಶುರುವಾಗದೆ, 162 ಪಂದ್ಯಗಳ ಬದಲು 60 ಆಡಿ ಮುಗಿಸಿತ್ತು. ನಮ್ಮದು ಮಾತ್ರ ಒಂದು ವರ್ಷವೂ ಕುಂದಿಲ್ಲ. ತಂಡಗಳಿಗೆ ನಮ್ಮ ನಮ್ಮ ಸ್ಟೇಷನ್ನುಗಳ ಹೆಸರು. ನನ್ನದು ಡೊಂಬಿವಲಿ.

2025ರವರೆಗೆ ಮೊಬೈಲಿನಲ್ಲಿ ಹನ್ನೊಂದು ಆಟಗಾರರನ್ನು ಆರಿಸಿ ಹಣ ಕಟ್ಟುತ್ತಿದ್ದ ಆಟ ಇದಲ್ಲ. ಅಲ್ಲಿ ನಿಜವಾದ ಪಂದ್ಯದ ಅಂಕಗಳನ್ನು ಎಣಿಸುತ್ತಿದ್ದರು. ಇಲ್ಲಿ ಪಂದ್ಯವನ್ನೇ ಯಂತ್ರ ಆಡುತ್ತದೆ, ಒಂದೊಂದು ಎಸೆತಕ್ಕೂ ಸಂಭಾವ್ಯತೆಯ ಲೆಕ್ಕ ಹಾಕಿ. ಕಂಪ್ಯೂಟರ್ ಬರುವ ಎಷ್ಟೋ ಮೊದಲೇ ಅಮೆರಿಕದಲ್ಲಿ ಇದನ್ನು ದಾಳ ಉರುಳಿಸಿ ಆಡುತ್ತಿದ್ದರು. 1961ರಲ್ಲಿ ಹಾಲ್ ರಿಚ್‌ಮನ್ ಎಂಬಾತ ಮಾರಲು ಆರಂಭಿಸಿದ ಸ್ಟ್ರಾಟ್-ಓ-ಮ್ಯಾಟಿಕ್‌ನಲ್ಲಿ ಪ್ರತಿ ಆಟಗಾರನಿಗೂ ಒಂದು ಕಾರ್ಡು. ಮೊದಲ ದಾಳದಲ್ಲಿ ಒಂದರಿಂದ ಮೂರು ಬಿದ್ದರೆ ಬ್ಯಾಟರ್‌ನ ಕಾರ್ಡು ನೋಡಬೇಕು, ನಾಲ್ಕರಿಂದ ಆರು ಬಿದ್ದರೆ ಚೆಂಡು ಎಸೆಯುವ ಪಿಚರ್‌ನದು. ಅರ್ಧ ಇವನ ಕೈಯಲ್ಲಿ, ಅರ್ಧ ಅವನ ಕೈಯಲ್ಲಿ. ಇಷ್ಟು ಸರಳವಾಗಿ ಒಂದು ಆಟದ ಜೀವವನ್ನು ಹಿಡಿದವರನ್ನು ನಾನು ಬೇರೆ ಕಂಡಿಲ್ಲ.

ಯುಗಾದಿ ಮುಗಿದ ವಾರದಲ್ಲಿ ನಮ್ಮ ಲೀಗಿನ ಹೊಸ ಸೀಸನ್ ಶುರುವಾಗುತ್ತದೆ. ಅದಕ್ಕೆ ಮುನ್ನ ಒಬ್ಬರು ಎಂಟೂ ತಂಡಗಳ ಮುನ್ನೋಟ ಬರೆಯಬೇಕು. ಈ ವರ್ಷ ಸರದಿ ನನ್ನದು. ಅಂಕಿಗಳನ್ನು ತಾಳೆ ನೋಡಲೆಂದು ಥಾಣೆಯವರಿಗೆ ಕಳಿಸಿದ್ದ ಕರಡು ಕಣ್ಣು ಮಿಟುಕಿಸುವುದರೊಳಗೆ ಮುಲುಂಡ್ ಮುಟ್ಟಿದೆ. ಸೆಂಟ್ರಲ್ ರೈಲ್ವೆಯ ಫಾಸ್ಟ್ ಲೋಕಲ್ಲಿಗೂ ಆ ವೇಗವಿಲ್ಲ.

ಭಾವನಿಗೆ ಫೋನಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮುನ್ನೋಟವೆಂದರೆ ಸನ್ಮಾನ ಪತ್ರ ಅಲ್ಲ. ಮುಂಬಯಿಯ ನಮ್ಮ ಕನ್ನಡಿಗರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿಗಳ ಅಭ್ಯಾಸ ಎಷ್ಟಾಗಿದೆಯೆಂದರೆ ಇಲ್ಲದ ಆಟಗಾರರಿಗೂ ಅದನ್ನೇ ಹೊದಿಸುತ್ತೇವೆ. ಹೋದ ವರ್ಷ ಚೆಂಬೂರಿನವರ ಸರದಿ ಇತ್ತು. "ಈ ಬಾರಿ ಅಚ್ಚರಿ ಮೂಡಿಸಬಲ್ಲ ತಂಡ" ಎಂಬ ಮಾತು ಐದು ತಂಡಗಳಿಗೆ ಬಂದಿತ್ತು. ನಾನು ವೃತ್ತಿಯಿಂದ ಲೆಕ್ಕಪತ್ರದವನು, ಸುಮ್ಮನಿರಲಾಗದೆ ಅವರು ಕೊಟ್ಟ ಗೆಲುವುಗಳನ್ನೆಲ್ಲ ಕೂಡಿಸಿದೆ: 689. ಎಂಟು ತಂಡ, ತಲಾ 162 ಪಂದ್ಯ, ಒಬ್ಬ ಗೆದ್ದರೆ ಇನ್ನೊಬ್ಬ ಸೋಲಲೇಬೇಕು. ಒಟ್ಟು ಗೆಲುವು 648ಕ್ಕಿಂತ ಒಂದೂ ಹೆಚ್ಚಾಗುವಂತಿಲ್ಲ. ಉಳಿದ 41 ಗೆಲುವು ಚೆಂಬೂರಿನವರ ಸಜ್ಜನಿಕೆಯಿಂದ ಉದ್ಭವಿಸಿದವು. ನನ್ನ ಮುನ್ನೋಟದ ಮೊತ್ತ 648, ಬೇಕಾದವರು ಕೂಡಿ ನೋಡಬಹುದು. ಒಬ್ಬರಿಗೆ ಒಂದು ಗೆಲುವು ಕೊಡಬೇಕಾದರೆ ಇನ್ನೊಬ್ಬರಿಂದ ಕಿತ್ತುಕೊಳ್ಳಲೇಬೇಕಾಗುತ್ತದೆ. ಅದಕ್ಕೆ ಮನಸ್ಸು ಗಟ್ಟಿ ಇಲ್ಲದವರು ಈ ಕೆಲಸಕ್ಕೆ ಕೈ ಹಾಕಬಾರದು.

ಚಿಕ್ಕಂದಿನಲ್ಲಿ ಗದಗಿನಲ್ಲಿ ಯುಗಾದಿಯ ಸಂಜೆ ಗುಡಿಯಲ್ಲಿ ಪಂಚಾಂಗ ಓದುತ್ತಿದ್ದರು. ಮಳೆ ಎಷ್ಟು, ಬೆಳೆ ಎಷ್ಟು ಎಂಬುದೆಲ್ಲ ಆದ ಮೇಲೆ ರಾಶಿವಾರು ಆದಾಯ, ವ್ಯಯ. ಒಂದು ವರ್ಷ ಅಪ್ಪನ ರಾಶಿಗೆ ಆದಾಯ 2, ವ್ಯಯ 11 ಬಂತು. ಅಪ್ಪ ಮೆಲ್ಲಗೆ, "ಇದನ್ನು ಹೇಳಲು ಪಂಚಾಂಗವೇ ಬೇಕೇ, ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ಸಾಕಿತ್ತು" ಎಂದಿದ್ದರು.

ಬೇಸ್‌ಬಾಲಿನಲ್ಲೂ ಉದ್ರಿ ಪುಸ್ತಕವೇ ಸಾಕು. ಗಳಿಸಿದ ರನ್ ಆದಾಯ, ಬಿಟ್ಟುಕೊಟ್ಟ ರನ್ ವ್ಯಯ. ಬಿಲ್ ಜೇಮ್ಸ್ ಎಂಬ ಅಮೆರಿಕದ ಅಂಕಿಸಂಖ್ಯಾಪ್ರೇಮಿ ಇದಕ್ಕೊಂದು ಸೂತ್ರ ಕೊಟ್ಟಿದ್ದಾನೆ: ಆದಾಯದ ವರ್ಗವನ್ನು, ಆದಾಯ ಮತ್ತು ವ್ಯಯಗಳ ವರ್ಗಗಳ ಮೊತ್ತದಿಂದ ಭಾಗಿಸಿದರೆ ತಂಡ ಎಷ್ಟು ಪಾಲು ಪಂದ್ಯ ಗೆಲ್ಲಬೇಕಿತ್ತು ಎಂಬುದು ಸಿಗುತ್ತದೆ. ಪೈಥಾಗೊರಸನ ಪ್ರಮೇಯದ ಹಾಗೆ ಕಾಣುವುದರಿಂದ ಅವನ ಹೆಸರೇ ನಿಂತಿದೆ. 750 ಗಳಿಸಿ 650 ಬಿಟ್ಟುಕೊಟ್ಟ ತಂಡ 162ರಲ್ಲಿ ಸುಮಾರು 92 ಗೆಲ್ಲಬೇಕು. ಅಂದರೆ ಹತ್ತು ರನ್ ಉಳಿಸಿದರೆ ಹತ್ತಿರ ಹತ್ತಿರ ಒಂದು ಗೆಲುವು.

ಈಗ ಭಾವನ ಮುಲುಂಡ್. ಹೋದ ವರ್ಷ 95 ಗೆದ್ದು ಕಪ್ ಎತ್ತಿತು. ಆದಾಯ 716, ವ್ಯಯ 690. ಸೂತ್ರದ ಪ್ರಕಾರ ಗೆಲ್ಲಬೇಕಿದ್ದದ್ದು 84. ಉಳಿದ 11 ಎಲ್ಲಿಂದ ಬಂದವು? ಒಂದೇ ರನ್ನಿನ ಅಂತರದ ಪಂದ್ಯಗಳಲ್ಲಿ ಅವರು 36 ಗೆದ್ದು 17 ಸೋತಿದ್ದಾರೆ. ಇದು ಧೈರ್ಯ, ಇದು ಛಲ ಎಂದು ಭಾವನ ವಾದ. ಯಂತ್ರದೊಳಗಿನ ಹುಡುಗರಿಗೆ ಛಲ ಎಲ್ಲಿಂದ ಬರಬೇಕು? ಅವರಿಗೆ ಇರುವುದು ಸಂಖ್ಯೆಗಳು. ನಿಜವಾದ ಲೀಗಿನಲ್ಲೂ ಒಂದು ರನ್ನಿನ ಪಂದ್ಯಗಳ ಇಂಥ ದಾಖಲೆ ಮರುವರ್ಷ ಸಾಮಾನ್ಯವಾಗಿ ಕರಗಿಹೋಗುತ್ತದೆ. ಆದ್ದರಿಂದ ಮುಲುಂಡಿಗೆ 83. ಇದು ತಂಡ ಕೆಟ್ಟಿದೆ ಎಂಬ ಮಾತಲ್ಲ. ಹೋದ ವರ್ಷ ಎರವಲು ತಂದದ್ದನ್ನು ಈ ವರ್ಷ ಹಿಂತಿರುಗಿಸುತ್ತದೆ, ಅಷ್ಟೇ.

ಮೊದಲ ಸ್ಥಾನ ವಾಶಿಗೆ, 91 ಗೆಲುವು. ಇದನ್ನು ಓದಿ ಹುಬ್ಬೇರಿಸುವವರು ಬಹಳ. ಹೋದ ವರ್ಷ ಅದು ಗೆದ್ದದ್ದು 70. ತಂಡದ ಒಡತಿ ನಮ್ಮಲ್ಲಿ ಎಲ್ಲರಿಗಿಂತ ಕಿರಿಯಳು, ನನ್ನ ಅತ್ತಿಗೆಯ ತಂಗಿಯ ಮಗಳು. ನಾವೆಲ್ಲ ಚೆಂಡನ್ನು ಬೇಲಿಯಾಚೆ ಹಾರಿಸಿ ಹೋಮ್ ರನ್ ಹೊಡೆಯುವವರ ಹಿಂದೆ ಓಡುತ್ತಿದ್ದಾಗ ಅವಳು ತನ್ನ ಇಬ್ಬರು ದೊಡ್ಡ ಹೊಡೆತಗಾರರನ್ನು ಮಾರಿ, ಒಬ್ಬ ಶಾರ್ಟ್‌ಸ್ಟಾಪ್, ಒಬ್ಬ ಸೆಂಟರ್ ಫೀಲ್ಡರ್ (ಇಬ್ಬರೂ ಮೈದಾನದ ನಡುಭಾಗ ಕಾಯುವವರು) ಮತ್ತು ಯಾರೂ ಕೇಳದ ಮೂವರು ಪಿಚರುಗಳನ್ನು ಕೊಂಡಳು. "ಏನಮ್ಮಾ ಇದು, ಬಂಗಾರ ಮಾರಿ ಹಿತ್ತಾಳೆ ತಂದೆಯಲ್ಲ" ಎಂದೆ. "ಮಾಮಾ, ನೀವು ವ್ಯಯದ ಕಾಲಂ ನೋಡಿಯೇ ಇಲ್ಲ" ಎಂದಳು. ಲೆಕ್ಕದವನಿಗೆ ಇದಕ್ಕಿಂತ ಅವಮಾನ ಬೇಕೇ!

ಮನೆಗೆ ಬಂದು ನೋಡಿದೆ. ಆದಾಯ 705, ವ್ಯಯ 718. ಸೂತ್ರದ ಪ್ರಕಾರ ಹೋದ ವರ್ಷವೇ ಸುಮಾರು 80 ಗೆಲ್ಲಬೇಕಿದ್ದ ತಂಡ. ಜೊತೆಗೆ ಇನ್ನೊಂದು ಸಂಗತಿ. 2001ರಲ್ಲಿ ವೊರೋಸ್ ಮೆಕ್‌ಕ್ರಾಕೆನ್ ಎಂಬಾತ ಬೇಸ್‌ಬಾಲ್ ಪಂಡಿತರನ್ನು ಬೆಚ್ಚಿಬೀಳಿಸಿದ ಮಾತೊಂದನ್ನು ಬರೆದ: ಚೆಂಡು ಬ್ಯಾಟಿಗೆ ತಗುಲಿ ಮೈದಾನದೊಳಗೆ ಬಿದ್ದರೆ, ಅದು ಹಿಟ್ ಆಗುವುದೋ (ಅಂದರೆ ಬ್ಯಾಟರ್ ಔಟಾಗದೆ ಬೇಸ್ ಮುಟ್ಟುವುದೋ) ಔಟ್ ಆಗುವುದೋ ಎಂಬುದರ ಮೇಲೆ ಪಿಚರ್‌ನ ಹಿಡಿತ ನಾವು ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ. ಅಂಥ ಸಾವಿರ ಚೆಂಡುಗಳಲ್ಲಿ ಸುಮಾರು 300 ಹಿಟ್ ಆಗುತ್ತವೆ, ಅದು ವಾಡಿಕೆ. ಹೋದ ವರ್ಷ ವಾಶಿಯ ಪಿಚರುಗಳಿಗೆ ಸಾವಿರಕ್ಕೆ 327 ಆಗಿದ್ದವು. ಒಂದಿಷ್ಟು ದುರದೃಷ್ಟ, ಒಂದಿಷ್ಟು ಹಿಂದೆ ನಿಂತ ಫೀಲ್ಡರುಗಳ ಸೋಮಾರಿತನ. ದುರದೃಷ್ಟ ತಾನಾಗಿ ಸರಿಹೋಗುತ್ತದೆ. ಸೋಮಾರಿಗಳನ್ನು ಅವಳು ಬದಲಿಸಿದ್ದಾಳೆ. ಹಿತ್ತಾಳೆ ಎಂದದ್ದನ್ನು ಇಲ್ಲಿ ಎಲ್ಲರೆದುರು ವಾಪಸು ಪಡೆಯುತ್ತೇನೆ.

ಎರಡನೆಯದು ಮಾಟುಂಗಾ, 88. ಒಡೆಯರು ಕುಂದಾಪುರದ ಕಡೆಯವರು, ಹೋಟೆಲು ನಡೆಸುತ್ತಾರೆ, ಯಕ್ಷಗಾನದ ಹುಚ್ಚು. ತಂಡವನ್ನೂ ಮೇಳದ ಹಾಗೆಯೇ ಕಟ್ಟಿದ್ದಾರೆ, ಅದೂ ರಂಗದ ತುಂಬ ಬಣ್ಣದ ವೇಷಗಳೇ. ಬ್ಯಾಟ್ ಬೀಸುವ ಒಂಬತ್ತರಲ್ಲಿ ನಾಲ್ವರು 33 ದಾಟಿದ ದೈತ್ಯರು. ಬ್ಯಾಟರುಗಳ ಏರುಕಾಲ ಸಾಮಾನ್ಯವಾಗಿ 27ರ ಆಸುಪಾಸು. ಆಮೇಲೆ ಕಾಲು ಮೊದಲು ಸೋಲುತ್ತದೆ, ಕೈ ಕೊನೆಗೆ. ಇವರ ಕೈ ಇನ್ನೊಂದು ವರ್ಷ ನಡೆಯಬಹುದೆಂದು ನನ್ನ ಅಂದಾಜು. ಅವರ ರನ್ನುಗಳನ್ನು ಹಾಗೆಯೇ ನಂಬುವಂತೆಯೂ ಇಲ್ಲ, ಏಕೆಂದರೆ ಮೈದಾನದ ಬಲಗಡೆಯ ಬೇಲಿಯನ್ನು ಅವರು ಒಳಕ್ಕೆ ಎಳೆದುಕೊಂಡಿದ್ದಾರೆ. ಅಮೆರಿಕದ ಡೆನ್ವರ್ ನಗರ ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿನ ತೆಳುಗಾಳಿಯಲ್ಲಿ ಚೆಂಡು ದೂರ ಹಾರುತ್ತದೆ. ಅದನ್ನು ತಗ್ಗಿಸಲೆಂದು 2002ರಿಂದ ಅಲ್ಲಿ ಚೆಂಡುಗಳನ್ನು ತೇವದ ಕೋಣೆಯಲ್ಲಿಟ್ಟು ಆಡಿಸುತ್ತಿದ್ದಾರೆ. ಆದರೂ ಅಲ್ಲಿಯ ಹೊಡೆತಗಾರನ ಅಂಕಿಗಳನ್ನು ತುಸು ಇಳಿಸಿಯೇ ಓದಬೇಕು. ಮಾಟುಂಗಾದ ಆದಾಯವನ್ನೂ ವ್ಯಯವನ್ನೂ ನಾನು ಹಾಗೆಯೇ ಇಳಿಸಿದ್ದೇನೆ.

ಥಾಣೆ, 85. ಹೇಳಿಕೊಳ್ಳುವಂಥ ದೋಷವಿಲ್ಲ, ಹೇಳಿಕೊಳ್ಳುವಂಥ ಗುಣವೂ ಇಲ್ಲ. ಕರಡು ಬಯಲು ಮಾಡಿದ ಸಿಟ್ಟಿಗೆ ಇಷ್ಟು ಚಿಕ್ಕದಾಗಿ ಬರೆದೆ ಎಂದುಕೊಂಡರೆ ಅವರು ಹಾಗೆಯೇ ಅಂದುಕೊಳ್ಳಲಿ.

ಚೆಂಬೂರು, 82. ಎಲ್ಲ ನಿಂತಿರುವುದು ಒಬ್ಬ ಪಿಚರ್‌ನ ಮೊಣಕೈ ಮೇಲೆ. ಹೋದ ಜೂನ್‌ನಲ್ಲಿ ಆತನಿಗೆ ಟಾಮಿ ಜಾನ್ ಶಸ್ತ್ರಚಿಕಿತ್ಸೆಯಾಗಿದೆ. 1974ರಲ್ಲಿ ಡಾ. ಫ್ರಾಂಕ್ ಜೋಬ್ ಮೊದಲು ಮಾಡಿದ್ದು ಅದು: ಹರಿದ ಅಸ್ಥಿರಜ್ಜುವಿನ ಜಾಗಕ್ಕೆ ದೇಹದ ಬೇರೆ ಕಡೆಯ ಸ್ನಾಯುಬಂಧ ತೆಗೆದು ಕಟ್ಟುವುದು. ಮರಳಿ ಬರಲು ಸಾಮಾನ್ಯವಾಗಿ 12ರಿಂದ 18 ತಿಂಗಳು ಬೇಕು, ನಮ್ಮ ಯಂತ್ರವೂ ಅದನ್ನೇ ಪಾಲಿಸುತ್ತದೆ. ಚೆಂಬೂರಿನವರು ಮೊದಲ ವಾರದಿಂದಲೇ ಅವನನ್ನು ಪಟ್ಟಿಯಲ್ಲಿ ಬರೆದುಕೊಂಡಿದ್ದಾರೆ. ನಾನು ಆಗಸ್ಟಿನಿಂದ ಎಣಿಸಿದ್ದೇನೆ.

ನನ್ನ ಡೊಂಬಿವಲಿಗೆ 78, ಆರನೆಯ ಸ್ಥಾನ. ಒಂಬತ್ತರಲ್ಲಿ ಏಳು ಜನ ಎಡಗೈ ಬ್ಯಾಟರುಗಳು, ಎಡಗೈ ಪಿಚರ್ ಬಂದ ದಿನ ಎಲ್ಲರೂ ಒಟ್ಟಿಗೆ ಕೈಚೆಲ್ಲುತ್ತಾರೆ. ಪ್ರತಿ ವರ್ಷವೂ ಸರಿಪಡಿಸಬೇಕೆಂದುಕೊಳ್ಳುತ್ತೇನೆ, ಹರಾಜಿನ ದಿನ ಮತ್ತೊಬ್ಬ ಎಡಗೈಯವನ ಮೇಲೆ ಮೋಹ ಹುಟ್ಟುತ್ತದೆ.

ಕಲ್ಯಾಣಕ್ಕೆ 73. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದ ತಂಡ. ಆಟಗಾರರನ್ನು ಅಳೆಯುವವರ ಮಾಪಕ 20ರಿಂದ 80ರವರೆಗೆ, 50 ಎಂದರೆ ನಡುಮಟ್ಟ. ಕಲ್ಯಾಣದ ಹುಡುಗರೆಲ್ಲ "ಮುಂದೆ" 65, 70. ಈಗ 35, 40. ಅದರಲ್ಲೊಬ್ಬ ಹತ್ತೊಂಬತ್ತರ ಬಲಗೈ ಪಿಚರ್ ಇದ್ದಾನೆ. ಅವನನ್ನು ಕಂಡಾಗಲೆಲ್ಲ ನನಗೆ 2008ರ ಆ ಇಬ್ಬರು ನೆನಪಾಗುತ್ತಾರೆ: ಉತ್ತರ ಪ್ರದೇಶದ ಜಾವೆಲಿನ್ ಎಸೆತಗಾರರಾದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್. ಬೇಸ್‌ಬಾಲ್ ಏನೆಂದೇ ತಿಳಿಯದೆ ವೇಗದ ಎಸೆತದ ಸ್ಪರ್ಧೆಗೆ ಹೋಗಿ, ಪಿಟ್ಸ್‌ಬರ್ಗ್ ಪೈರೇಟ್ಸ್ ಜೊತೆ ಒಪ್ಪಂದಕ್ಕೆ ಸಹಿ ಹಾಕಿದವರು. ಮುಖ್ಯ ಲೀಗಿನ ತನಕ ಅವರು ಹೋಗಲಾಗಲಿಲ್ಲ. ಕೈಯಲ್ಲಿ ವೇಗವಿದ್ದ ಮಾತ್ರಕ್ಕೆ ಪಿಚರ್ ಆಗುವುದಿಲ್ಲ, ಆದರೂ ಆ ವೇಗವನ್ನು ಕಂಡು ಆಸೆಪಡದವರೂ ಇಲ್ಲ.

"ಇಷ್ಟೆಲ್ಲ ಲೆಕ್ಕ ಹಾಕಿದ್ದೀಯಲ್ಲ, ನಿನ್ನ ಹಳೆಯ ಮುನ್ನೋಟ ಏನಾಯಿತು?" ಎಂದು ಭಾವ ಕೇಳಿದರು. ನ್ಯಾಯವಾದ ಪ್ರಶ್ನೆ. ಹಿಂದೊಮ್ಮೆ ನನ್ನ ಸರದಿಯಲ್ಲಿ ಮಾಟುಂಗಾವನ್ನು ಕಟ್ಟಕಡೆಗೆ ಹಾಕಿದ್ದೆ, ಆ ವರ್ಷ ಕಪ್ ಅವರದ್ದಾಯಿತು. ಆರು ತಿಂಗಳು ಅವರ ಹೋಟೆಲಿನಲ್ಲಿ ನನಗೆ ಕಾಫಿಯ ಜೊತೆ ಒಂದು ನಗು ಉಚಿತವಾಗಿ ಸಿಗುತ್ತಿತ್ತು. ಆದರೆ ಆ ಬರಹವನ್ನು ಅಳಿಸಿಲ್ಲ, ಈಗಲೂ ಹಾಗೆಯೇ ಇದೆ. ಸರಿಸಮಾನ ತಂಡವೊಂದು 162 ಪಂದ್ಯ ಆಡಿದರೆ, ಬರೀ ಅದೃಷ್ಟದ ತೂಗಾಟವೇ ಆರು ಗೆಲುವಿನಷ್ಟು ಇರುತ್ತದೆ. ಮೂರು ವರ್ಷಗಳಲ್ಲಿ ಎರಡು ವರ್ಷ ಅದು 75ರಿಂದ 87ರ ನಡುವೆ ನಿಲ್ಲುತ್ತದೆ, ಉಳಿದ ವರ್ಷ ಅದನ್ನೂ ಮೀರುತ್ತದೆ. ಹಾಗಾಗಿ ಥಾಣೆಯ 85ಕ್ಕೂ ಮುಲುಂಡಿನ 83ಕ್ಕೂ ಇರುವ ಅಂತರಕ್ಕೆ ಅರ್ಥವಿಲ್ಲ ಎಂದು ಭಾವನಿಗೆ ಹೇಳಿದೆ. "ಅರ್ಥವಿಲ್ಲದಿದ್ದರೆ ನಮ್ಮನ್ನೇ ಮೇಲೆ ಬರೆ" ಎಂದರು. ಇದಕ್ಕೆ ಬಿಲ್ ಜೇಮ್ಸ್ ಬಳಿಯೂ ಉತ್ತರ ಇರಲಾರದು.

ನಿಜವಾದ ಲೀಗೂ ಹೀಗೆಯೇ. 2001ರಲ್ಲಿ ಸಿಯಾಟಲ್ ಮ್ಯಾರಿನರ್ಸ್ 116 ಗೆದ್ದು ಅಂತಿಮ ಸರಣಿಯನ್ನೇ ತಲುಪಲಿಲ್ಲ. 2023ರಲ್ಲಿ ಅರಿಜೋನಾ 84 ಗೆದ್ದು ತಲುಪಿತು. 2024ರಲ್ಲಿ 121 ಪಂದ್ಯ ಸೋತ ಶಿಕಾಗೊ ವೈಟ್ ಸಾಕ್ಸ್ ಕೂಡ 41 ಸಲ ಗೆದ್ದು ಮನೆಗೆ ಹೋಗಿದೆ.

ಉಳಿದದ್ದು ಕಾಂದಿವಲಿ. 68, ಎಂಟನೆಯ ಸ್ಥಾನ. ಇದನ್ನು ಬರೆಯಲು ಎರಡು ದಿನ ತಡಮಾಡಿದೆ. ಒಡೆಯರು ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಮಾಸ್ತರರು, ನಮ್ಮೆಲ್ಲರಿಗಿಂತ ಹಿರಿಯರು. ಒಬ್ಬ ಆಟಗಾರನನ್ನೂ ಮಾರುವುದಿಲ್ಲ. 2020ರ ಮೊದಲ ಹರಾಜಿನಲ್ಲಿ ಕೊಂಡ ಕ್ಯಾಚರ್ (ಬ್ಯಾಟರ್‌ನ ಹಿಂದೆ ಕೂತು ಚೆಂಡು ಹಿಡಿಯುವವನು) ಇಂದಿಗೂ ಅವರ ಬಳಿಯೇ ಇದ್ದಾನೆ. ದಿನವೂ ಗಂಟೆಗಟ್ಟಲೆ ಕುಕ್ಕರಗಾಲಿನಲ್ಲಿ ಕೂರುವ ಕೆಲಸ ಅದು, ಮಂಡಿ ಎಷ್ಟು ದಿನ ತಾಳೀತು? ಮಾರಿಬಿಡಿ ಎಂದು ಹೋದ ವರ್ಷ ನಾನೇ ಹೇಳಿದ್ದೆ. "ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದರೆ ಹುಡುಗನನ್ನು ಬೇರೆ ಶಾಲೆಗೆ ಅಟ್ಟುತ್ತಾರೇನು?" ಎಂದಿದ್ದರು. ಅವರಿಗೆ ಮಾತ್ರ ಒಂದು ಸುಳ್ಳು ಬರೆಯೋಣವೇ, 74 ಹಾಕಿ ಕಲ್ಯಾಣದ ಮೇಲೆ ಕೂರಿಸೋಣವೇ ಎಂದು ನಿಜವಾಗಿಯೂ ಯೋಚಿಸಿದೆ. ಆ ಆರು ಗೆಲುವನ್ನು ಯಾರಿಂದ ಕಿತ್ತುಕೊಳ್ಳಲಿ ಎಂಬಲ್ಲಿ ಲೆಕ್ಕ ನಿಂತುಹೋಯಿತು. ಅವರ ಆದಾಯ-ವ್ಯಯವನ್ನು ಎಷ್ಟು ತಿರುವಿಹಾಕಿದರೂ 68ರ ಮೇಲೆ ಏಳಲಿಲ್ಲ.

ಇಂದು ಬೆಳಗ್ಗೆ ಮಾಸ್ತರರ ಫೋನ್ ಬಂತು. ಕರಡು ಕಾಂದಿವಲಿಯನ್ನೂ ಮುಟ್ಟಿತ್ತು. ಕ್ಷಮೆ ಕೇಳಲು ಬಾಯಿ ತೆರೆದೆ. "ತಮ್ಮಾ, ಪೂರ್ತಿ ಓದಿದೆ" ಎಂದರು. "ಕ್ಯಾಚರ್ ವಯಸ್ಸು 36 ಎಂದು ಬರೆದಿದ್ದೀಯ. ಅವನ ಹುಟ್ಟುಹಬ್ಬ ಬರುವುದು ಜುಲೈನಲ್ಲಿ. ಈಗ 35. ತಿದ್ದು."

ತಿದ್ದಿದ್ದೇನೆ. ಸ್ಥಾನ ಎಂಟೇ. ಭಾನುವಾರ ಬೆಳಗ್ಗೆ ಹತ್ತಕ್ಕೆ ಮೊದಲ ಪಂದ್ಯ, ಕಾಂದಿವಲಿ ಮತ್ತು ಮುಲುಂಡ್.