ನಮ್ಮೂರ ನಾಯಿ ಕಲ್ಲು

ಮದ್ದೂರು ಕಡೆಯ ಸೋದರಮಾವನನ್ನು ಮ್ಯೂಸಿಯಂಗೆ ಕರೆದುಕೊಂಡು ಹೋಗುವವರಿಗೆ ಒಂದು ಮಾತು. ಬಾಗಿಲಲ್ಲೇ ಅವರ ಫೋನ್ ಇಸ್ಕೊಂಡುಬಿಡಿ.

ಮಾವ ಬೆಂಗಳೂರಿಗೆ ಬಂದಿದ್ದು ಲಗ್ನಪತ್ರಿಕೆ ಹಂಚುವುದಕ್ಕೆ. ಕಸ್ತೂರಬಾ ರಸ್ತೆಗೆ ಬರುವಷ್ಟರಲ್ಲಿ ಬಿಸಿಲು ನೆತ್ತಿ ಸುಡುತ್ತಿತ್ತು. ಸುಮ್ನೆ ನೆರಳಿಗೆ ಅಂತ ಸರ್ಕಾರಿ ಮ್ಯೂಸಿಯಂ ಒಳಗೆ ಹೊಕ್ಕೆವು. 1865ರಲ್ಲಿ ಶುರುವಾದದ್ದು, ಹೊಯ್ಸಳರ ಶಿಲ್ಪ ಇದೆ, ಹಳೇ ನಾಣ್ಯ ಇದೆ ಅಂತ ನಾನು ಹೇಳುತ್ತಲೇ ಇದ್ದೆ. ಮಾವ ಎಲ್ಲವನ್ನೂ ಓಡುವ ಬಸ್ಸಿನ ಕಿಟಕಿಯಿಂದ ನೋಡುವ ಹಾಗೆ ನೋಡಿಕೊಂಡು ಮುಂದೆ ಹೋಗುತ್ತಿದ್ದರು.

ಆತಕೂರು ಶಾಸನದ ಮುಂದೆ ಮಾತ್ರ ಗಕ್ಕನೆ ನಿಂತರು.

"ಯಾವ ಆತಕೂರ್ಲಾ? ನಮ್ ಮದ್ದೂರ್ ಪಕ್ಕದ್ದಾ?"

ಹೌದು, ಅದೇ. ಕಲ್ಲಿನ ಮೇಲ್ಭಾಗದಲ್ಲಿ ಒಂದು ನಾಯಿ ಹಂದಿಯ ಮೇಲೆ ಬಿದ್ದಿದೆ. ಸುತ್ತ ಹಳಗನ್ನಡ ಅಕ್ಷರ. ಕಥೆ ಹೇಳಿದೆ. 949ರಲ್ಲಿ ತಕ್ಕೋಲದಲ್ಲಿ ಚೋಳರ ಮೇಲೆ ಯುದ್ಧ. ಮಣಲೇರ ಅನ್ನೋ ವೀರ ಚೆನ್ನಾಗಿ ಹೋರಾಡಿದ. ದೊರೆ ಮೆಚ್ಚಿ ಏನು ಬೇಕೋ ಕೇಳು ಅಂದರೆ, ಅವನು ಕೇಳಿದ್ದು ಕಾಳಿ ಅನ್ನೋ ಬೇಟೆನಾಯಿಯನ್ನ. ಆಮೇಲೆ ಆ ಕಾಳಿ ಕಾಡುಹಂದಿ ಜೊತೆ ಕಾದಾಡಿ, ಎರಡೂ ಸತ್ತವು. ನಾಯಿಯ ನೆನಪಿಗೆ ಆತಕೂರಿನ ದೇವಸ್ಥಾನದ ಮುಂದೆ ಈ ಕಲ್ಲು ನಿಲ್ಲಿಸಿ, ಜಮೀನು ಕೂಡ ಬಿಟ್ಟರು.

"ಜಮೀನಾ? ನಾಯಿಗಾ?" ಮಾವನಿಗೆ ತಡೆಯಲಾಗಲಿಲ್ಲ. ಅವರ ಅರ್ಧ ಎಕರೆ ಖಾತೆ ಇನ್ನೂ ತಾಲ್ಲೂಕು ಆಫೀಸಲ್ಲಿ ಕೂತಿದೆ.

ಅಷ್ಟಕ್ಕೇ ನಾನು ಬಾಯಿ ಮುಚ್ಚಿಕೊಂಡಿದ್ದರೆ ಆಗಿತ್ತು. ಪೂಜೆ ಮಾಡುವವನು ಈ ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ಅಂತ ಶಾಸನದಲ್ಲೇ ಇದೆ. ಅದನ್ನೂ ಹೇಳಿಬಿಟ್ಟೆ. ಮಾವ ಕಲ್ಲನ್ನು ಮೇಲಿಂದ ಕೆಳಗೆ ನೋಡಿದರು. ಒಂದು ಹೂವಿಲ್ಲ, ಕುಂಕುಮವಿಲ್ಲ. ಅದೇ ಹೊತ್ತಿಗೆ ಮೂಲೆಯಲ್ಲಿ ಕಾವಲಿನವರು ಊಟದ ಡಬ್ಬಿ ಬಿಚ್ಚಿದರು. ಚಿತ್ರಾನ್ನ.

"ಉಣ್ಬ್ಯಾಡಿ ಸಾಮಿ!"

ಆಮೇಲಿನ ಮಾತುಕತೆ ಬಿಡಿ. ಕಲ್ಲನ್ನು ಊರಿಗೆ ವಾಪಸ್ ಕಳಿಸಲು ಯಾರಿಗೆ ಅರ್ಜಿ ಹಾಕಬೇಕು ಅನ್ನೋವರೆಗೂ ಹೋಯಿತು. ಕಾವಲಿನವರು ತಣ್ಣಗೆ ಚಿತ್ರಾನ್ನ ಮುಗಿಸಿ ಕೈ ತೊಳೆದರು. ಮಾವ ಹೊರಗೆ ಬಂದು ಅತ್ತೆಗೆ ಫೋನ್ ಹಚ್ಚಿದರು. ಕಸ್ತೂರಬಾ ರಸ್ತೆಯ ಹಾರನ್ ನಡುವೆ ನನಗೆ ಕೇಳಿಸಿದ್ದು ಇಷ್ಟು: "ನಾಯಿ ಕಣಮ್ಮಿ! ಕಾಳಿ! ಸತ್ತೋಯ್ತು! ಪಾಪ ನಮ್ ತಲೆಗೇ!"

ಅತ್ತೆಗೆ ಎಷ್ಟು ಕೇಳಿಸಿತೋ!

ಪಕ್ಕದ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ರೈಟ್ ಸಹೋದರರ ವಿಮಾನದ ಮಾದರಿಗೆ ಮಾವ ಹೆಚ್ಚು ಮರ್ಯಾದೆ ಕೊಡಲಿಲ್ಲ. ಅಲ್ಲಿಂದ 2023ರಲ್ಲಿ ತೆರೆದ ಮ್ಯಾಪ್ ಕಲಾ ಮ್ಯೂಸಿಯಂ. ಹೊರಗೋಡೆಯ ಸ್ಟೀಲ್ ಹಲಗೆಗಳನ್ನು ನೋಡಿ, "ಇಷ್ಟ್ ದೊಡ್ಡ ನೀರಿನ ಟ್ಯಾಂಕು ಯಾರ್ಲಾ ಕಟ್ಟಿದ್ದು?" ಅಂದರು. ನಗಬೇಡಿ. ಕಟ್ಟಡದ ವಿನ್ಯಾಸ ಮಾಡಿದವರಿಗೆ ನೀರಿನ ಟ್ಯಾಂಕೇ ಸ್ಫೂರ್ತಿ. ಕಲಾವಿಮರ್ಶಕರಿಗೆ ಪ್ಯಾರಾಗಟ್ಟಲೆ ಬೇಕಾಗುವುದನ್ನು ಮಾವ ಫುಟ್‌ಪಾತಿನಲ್ಲೇ ಮುಗಿಸಿದರು. ಒಳಗೆ ಒಂದು ಫೋಟೋದ ಮುಂದೆ ಬಹಳ ಹೊತ್ತು ನಿಂತಿದ್ದರು. ಪರವಾಗಿಲ್ಲ, ಕಲೆ ಹಿಡಿಸಿತು ಅಂದುಕೊಂಡೆ. ಏಸಿ ಗಾಳಿ ನೇರ ಅಲ್ಲಿಗೆ ಬೀಸುತ್ತಿತ್ತು.

ಸಂಜೆ ಮನೆಗೆ ಬರುವಷ್ಟರಲ್ಲಿ ಫೋನ್ ಮೇಲೆ ಫೋನ್. ಮಂಡ್ಯದ ಚಿಕ್ಕಪ್ಪ ಕೇಳಿದರು, "ಕಚ್ಚಿದ್ದು ಎಲ್ಲಿಗೆ, ಕಾಲಿಗಾ?" ಚನ್ನಪಟ್ಟಣದ ಅಕ್ಕನಿಗೆ ಇಂಜೆಕ್ಷನ್ ಆಯ್ತಾ ಅನ್ನೋ ಚಿಂತೆ. "ನಾಯಿ ಸತ್ತು ಸಾವಿರ ವರ್ಷ ಆಯ್ತು ಕಣಕ್ಕ" ಅಂದೆ. ಆ ಕಡೆ ಒಂದು ಕ್ಷಣ ಮೌನ. ಆಮೇಲೆ ಅಕ್ಕ ಮೆತ್ತಗೆ ಕೇಳಿದಳು, "ನಿಂಗೂ ಕಚ್ಚಿತಾ?"

ಅತ್ತೆ ಅಷ್ಟರಲ್ಲಿ ನಾಟಿ ಔಷಧದ ಬಾಟ್ಲಿ ಚೀಲಕ್ಕೆ ಹಾಕಿಕೊಂಡು ಮದ್ದೂರಿನಲ್ಲಿ ಬಸ್ ಹತ್ತಿಯಾಗಿತ್ತು.