ಖಾಲಿ ಪಿಕಪ್ಪೂ ನಾಕು ಮೂಟೆ ಮರಳೂ

ಬೆಲ್ಲ ತುಂಬಿದಾಗ ಎಂಥಾ ಏರಿನಾದ್ರೂ ಹತ್ತೋ ಪಿಕಪ್ಪು ಖಾಲಿ ಇದ್ದಾಗ ಮಾತ್ರ ಹಿಂದಿನ ಚಕ್ರ ಗರ್ರ್ ಅಂತ ತಿರುಗಿಸ್ಕೊಂಡು ನಿಂತಲ್ಲೇ ನಿಲ್ಲುತ್ತೆ, ಇದು ಮಂಡ್ಯ ಕಡೆ ಗಾಡಿ ಇಟ್ಟಿರೋರಿಗೆಲ್ಲ ಗೊತ್ತಿರೋ ವಿಷ್ಯ. ಮಳೆ ಬಿದ್ದಿರ್ಬೇಕು, ಗದ್ದೆ ಬಯಲಿಂದ ನಾಲೆ ಏರಿಗೆ ಹತ್ತೋ ತಿರುವಿರ್ಬೇಕು, ಗಾಡಿ ಖಾಲಿ ಇರ್ಬೇಕು, ಮುಗೀತು. ಹಿಂದಿಂದ ತಳ್ಳೋಕೆ ಜನ ಕರೀಬೇಕು, ತಳ್ಳಿದೋರ ಪಂಚೆ ಮೇಲೆಲ್ಲ ಕೆಸರಿನ ರಂಗೋಲಿ.

ನನ್ ಭಾಮೈದ ಇದನ್ನ ಹಣೆಬರಹ ಅಂತ ಒಪ್ಕೊಂಡು ಆಲೆಮನೆಯಿಂದ ಮಂಡ್ಯ ಎಪಿಎಂಸಿಗೆ ಬೆಲ್ಲ ಹಾಕ್ಕೊಂಡು ಆರಾಮಾಗಿದ್ದ. ಆಮೇಲೆ ಅವನಿಗೆ ರಾತ್ರಿ ಮುದ್ದೆ ಉಂಡು ಮಲಗೋ ಹೊತ್ತಲ್ಲಿ ಅಮೇರಿಕದ ಡ್ರ್ಯಾಗ್ ರೇಸ್ ವಿಡಿಯೋ ನೋಡೋ ಚಟ ಹತ್ಕೊಳ್ತು. ನೇರ ರಸ್ತೆ, ಕಾಲು ಮೈಲಿ, ಅಂದ್ರೆ 402 ಮೀಟರು, ಎರಡು ಗಾಡಿ ಪಕ್ಕಪಕ್ಕ ನಿಂತು ಹಸಿರು ದೀಪ ಬಂದ ತಕ್ಷಣ ಬಿಡೋದು, ತಿರುವಿಲ್ಲ, ಹಂಪಿಲ್ಲ, ಎದುರಿಗೆ ಎಮ್ಮೆ ಬರಲ್ಲ. ಮೊದಲ 60 ಅಡಿ ಎಷ್ಟು ಹೊತ್ತಲ್ಲಿ ದಾಟಿದ ಅನ್ನೋದನ್ನ ಬೇರೆಯಾಗೇ ಅಳೀತಾರಂತೆ, ಯಾಕಂದ್ರೆ ಅಲ್ಲಿ ಚಕ್ರ ಜಾರಿದ್ರೆ ಮುಂದೆ ಏನ್ ಮಾಡಿದ್ರೂ ಅಷ್ಟೇ. ಅಲ್ಲೂ ಪಿಕಪ್ ತಂದು ರೇಸಿಗೆ ಬಿಡೋರಿದ್ದಾರೆ, ಅವ್ರದ್ದೂ ಇದೇ ಗೋಳು. ಇಂಜಿನ್ ಭಾರವೆಲ್ಲ ಮುಂದೆ, ಹಿಂದೆ ಖಾಲಿ ಡಬ್ಬ, ತಳ್ಳಬೇಕಾದ್ದು ಮಾತ್ರ ಹಿಂದಿನ ಚಕ್ರ.

"ಭಾವ, ಅಮೇರಿಕದೋನ್ ಗಾಡಿನೂ ನಮ್ ಗಾಡಿ ಥರಾನೇ ಜಾರ್ತದೆ ಕಣ್ರೀ, ಆದ್ರೆ ಅವ್ನು ಅದ್ಕೆ ಮದ್ದು ಕಂಡ್ ಹಿಡ್ದವ್ನೆ" ಅಂತ ಮೈಸೂರಿಗೆ ಫೋನ್ ಮಾಡ್ದ. ಇಂಗ್ಲಿಷಲ್ಲಿ ಅವ್ರು ಏನಂತವ್ರೆ ಸ್ವಲ್ಪ ಬಿಡಿಸಿ ಹೇಳಿ ಅಂತ. ನಾನು ಕುವೆಂಪುನಗರದಲ್ಲಿ ಕೂತು ಲೆಕ್ಕ ಬರಿಯೋನು, ನನಗೂ ಕ್ಲಚ್ಚಿಗೂ ಇರೋ ಸಂಬಂಧ ಅಷ್ಟಕ್ಕಷ್ಟೇ. ಆದ್ರೂ ಮಾವನ ಮನೆ ಮರ್ಯಾದೆ ಪ್ರಶ್ನೆ, ಕೂತು ಓದ್ದೆ, ನಿಜ ಹೇಳ್ಬೇಕಂದ್ರೆ ಮಜಾನೂ ಬಂತು.

ಪಿಕಪ್ಪಿನ ಹಿಂದೆ ಬ್ಲೇಡ್ ಸೆಟ್ ಇರುತ್ತಲ್ಲ, ಆ ಬಾಗಿದ ಕಬ್ಬಿಣದ ಪಟ್ಟಿಗಳು, ಅದಕ್ಕೆ ಹೌಸಿಂಗ್‌ನ ಅಂದ್ರೆ ಹಿಂದಿನ ಎರಡು ಚಕ್ರದ ನಡುವಿನ ಅಚ್ಚಿನ ಕವಚಾನ, ಯು ಬೋಲ್ಟ್ ಹಾಕಿ ಬಿಗಿದಿರ್ತಾರೆ. ಚಕ್ರ ಮುಂದಕ್ಕೆ ತಿರುಗೋಕೆ ಜೋರು ಮಾಡಿದಾಗ ಹೌಸಿಂಗು ಉಲ್ಟಾ ತಿರುಚ್ಕೊಳ್ಳುತ್ತೆ, ಅದರ ಮುಂದಿನ ಮೂತಿ, ಅಂದ್ರೆ ಪಿನಿಯನ್ ಹಲ್ಲುಚಕ್ರ ಇರೋ ಕಡೆ, ಮೇಲೇಳುತ್ತೆ, ಬ್ಲೇಡು ಇಂಗ್ಲಿಷಿನ ಎಸ್ ಅಕ್ಷರದ ಆಕಾರಕ್ಕೆ ಬರುತ್ತೆ, ಅಷ್ಟರಲ್ಲಿ ಟೈರು ಹಿಡಿತ ಬಿಟ್ರೆ ಬ್ಲೇಡು ಫಟ್ ಅಂತ ನೆಟ್ಟಗಾಗುತ್ತೆ, ಮತ್ತೆ ತಿರುಚುತ್ತೆ, ಮತ್ತೆ ನೆಟ್ಟಗಾಗುತ್ತೆ, ಚಕ್ರ ನೆಲದ ಮೇಲೆ ದಡದಡ ಅಂತ ಕುಣಿಯುತ್ತೆ. ಏರಿ ಹತ್ತೋವಾಗ ಕೇಳೋ ಆ ದಡದಡ ಇದೇನೇ. ಜಾಸ್ತಿ ಕುಣಿದ್ರೆ ಶಾಫ್ಟಿನ ಕೀಲಲ್ಲಿರೋ ಜಾಯಿಂಟ್ ಕ್ರಾಸು ಕೈ ಕೊಡುತ್ತೆ, ಅದೂ ಆಗಿದೆ, ಬಿಲ್ಲು ಮಾವ ಕಟ್ಟಿದ್ದು.

ಇನ್ನೊಂದು ಕಾಯಿಲೆ ಬಲಗಡೆ ಚಕ್ರದ್ದು. ಇಂಜಿನ್ ಕಡೆಯಿಂದ ಹಿಂದಕ್ಕೆ ಶಕ್ತಿ ತರೋ ಉದ್ದದ ಪ್ರೊಪೆಲ್ಲರ್ ಶಾಫ್ಟ್ ತಿರುಗೋ ರಭಸಕ್ಕೆ ಹೌಸಿಂಗು ಬಲಗಡೆ ಮೇಲಕ್ಕೇಳೋಕೆ ನೋಡುತ್ತೆ, ಆ ಚಕ್ರ ಹಗುರಾಗುತ್ತೆ, ಎರಡೂ ಚಕ್ರಕ್ಕೆ ಶಕ್ತಿ ಹಂಚೋ ಡಿಫ್ರೆನ್ಷಿಯಲ್ಲಿನ ಬುದ್ಧಿ ಹೇಗಪ್ಪಾ ಅಂದ್ರೆ ಯಾವ ಚಕ್ರ ಜಾರ್ತಿದ್ಯೋ ಅದಕ್ಕೇ ನೀನೇ ತಿರುಗಪ್ಪ ಅಂತ ಬಿಟ್ಬಿಡೋದು. ಅಮೇರಿಕದಲ್ಲಿ ಡ್ರೈವರ್ ಎಡಗಡೆ ಕೂರ್ತಾನೆ, ನಮ್ಮಲ್ಲಿ ಬಲಗಡೆ, ಹಂಗಾಗಿ ಈ ವಿಷ್ಯದಲ್ಲಿ ನಮಗೇ ಒಂಚೂರು ಲಾಭ ಅಂತ ಹೇಳ್ದೆ. ಭಾಮೈದ ಎದೆ ಉಬ್ಬಿಸ್ದ. "ಇವ್ನ್ ಕೂತ್ರೆ ಸೀಟಿಗೇ ಗೊತ್ತಾಗಕಿಲ್ಲ, ಚಕ್ರಕ್ಕೆ ಏನ್ ಗೊತ್ತಾದದು" ಅಂದ್ರು ಮಾವ.

ದಡದಡಕ್ಕೆ ಮದ್ದು ಟ್ರ್ಯಾಕ್ಷನ್ ಬಾರು. ಹೌಸಿಂಗ್ ಹತ್ರ ಬಿಗಿದು ಬ್ಲೇಡಿನ ಕೆಳಗೇ ಮುಂದಕ್ಕೆ ಚಾಚಿರೋ ಒಂದು ಗಟ್ಟಿ ಕಬ್ಬಿಣ, ಅದರ ತುದೀಲಿ ಒಂದು ರಬ್ಬರ್ ಗುಬುಟು. ಹೌಸಿಂಗ್ ತಿರುಚೋಕೆ ಹೋದ ತಕ್ಷಣ ಬಾರಿನ ತುದಿ ಮೇಲೆದ್ದು ಬ್ಲೇಡಿನ ಮುಂದಿನ ಕಣ್ಣಿಗೆ, ಅಂದ್ರೆ ಬ್ಲೇಡು ಚಾಸಿಗೆ ಸೇರೋ ಬಳೆ ಥರದ ತುದಿಗೆ, ಒತ್ಕೊಳ್ಳುತ್ತೆ, ತಿರುಚೋದು ನಿಂತೋಗುತ್ತೆ. ರಬ್ಬರು ಸರಿಯಾಗಿ ಆ ಕಣ್ಣಿನ ಕೆಳಗೇ ಬರ್ಬೇಕು, ಹಿಂದೆ ಬಂದ್ರೆ ಬ್ಲೇಡೇ ಬಾಗುತ್ತೆ. ಅಲ್ಲಿ ಇದು ಅಂಗಡೀಲಿ ಸಿಗುತ್ತೆ. ಮಂಡ್ಯದಲ್ಲಿ ಕಿಟಕಿ ಗ್ರಿಲ್ಲು ಮಾಡೋ ವೆಲ್ಡಿಂಗ್ ಶಾಪಲ್ಲಿ ಹೇಳಿ ಮಾಡಿಸ್ಬೇಕು. ಅವನು ಅಳತೆ ಎಲ್ಲ ತಗೊಂಡು, ಯಾವ ಗೇಟಿಗೆ ಅಂತ ಕೇಳ್ದ. ಗೇಟಿಗಲ್ಲ ಗಾಡಿ ಅಡಿಗೆ ಅಂದ್ರೂ ಕೇಳ್ಲಿಲ್ಲ, ತುದೀಲಿ ಒಂದು ಸುರುಳಿ ಡಿಸೈನ್ ಹಾಕೇ ಕೊಟ್ಟ, ದುಡ್ಡು ಬೇಡ ಬಿಡಿ ಅಂತ. ರಬ್ಬರಿಗೆ ಹಳೇ ಟೈರ್ ತುಂಡು.

ಟೈರ್ ಗಾಳಿ ಕತೆ ಬೇಗ ಮುಗಿಸ್ತೀನಿ. ಡ್ರ್ಯಾಗ್ ರೇಸಿನ ಟೈರು ಸೈಡಲ್ಲಿ ಮೆತ್ತಗಿರುತ್ತೆ, ಗಾಳಿ ಕಮ್ಮಿ ಇಟ್ರೆ ಹೊರಡೋವಾಗ ಸುಕ್ಕುಬಿದ್ದು ನೆಲಾನ ತಬ್ಕೊಳ್ಳುತ್ತೆ. ನಮ್ದು ಲೋಡ್ ಟೈರು, ಅರ್ಧ ಗಾಳಿ ಬಿಟ್ರೂ ಸೈಡು ಜಪ್ಪಯ್ಯ ಅನ್ಲಿಲ್ಲ. "ಬುಡ್ಬೇಕೋ ತುಂಬ್ಬೇಕೋ ಒಂದ್ ಕಿತ ಸರ್ಯಾಗ್ ಹೇಳಪ್ಪ" ಅಂತ ಪಂಚರ್ ಅಂಗಡಿಯವ್ನು ಬೈದ.

ಟ್ರಯಲ್ ಎಲ್ಲಿ ನೋಡೋದು? ಎಕ್ಸ್‌ಪ್ರೆಸ್‌ವೇ ಮೇಲೆ ಕ್ಯಾಮೆರಾ, ಊರೊಳಗೆ ಅಜ್ಜಿಯರು. ಊರಾಚೆ ಒಂದು ಲೇಔಟ್ ಇದೆ, ಗದ್ದೆ ಮಟ್ಟ ಮಾಡಿ ಟಾರ್ ಹಾಕಿ ಸೈಟ್ ಕಲ್ಲು ನೆಟ್ಟು ಬಿಟ್ಟಿದ್ದಾರೆ, ಮನೆ ಮಾತ್ರ ಒಂದೂ ಎದ್ದಿಲ್ಲ. ಅಳೆದು ನೋಡಿದ್ರೆ 402 ಮೀಟರ್ ಇಲ್ಲ, ಕೊನೇಲಿ ಬೋರ್‌ವೆಲ್ ಅಡ್ಡ ಬರುತ್ತೆ. ಇರೋವಷ್ಟೇ ಸಾಕು ಅಂತಾಯ್ತು. ಎದುರಾಳಿ ಪಕ್ಕದ ಮನೆಯವ್ನು, ಅದೇ ಥರದ ಪಿಕಪ್ಪು. ಅವನು ಎಳನೀರು ಲೋಡ್ ಮಾಡ್ಕೊಂಡು ಮದ್ದೂರು ಮಾರ್ಕೆಟ್ಟಿಗೆ ಹೊರಟಿದ್ದ, ಹೆಂಗಿದ್ರೂ ಅದೇ ದಾರಿ, ಹಂಗೇ ಬಂದು ಒಂದ್ಸಲ ಪಕ್ಕದಲ್ಲಿ ಓಡಿಸ್ಬಿಟ್ಟು ಹೋಯ್ತೀನಿ ಬುಡು ಅಂದಿದ್ದ.

ಹೊರಡೋ ಮುಂಚೆ ಮಾವ ಬಂದ್ರು. ಗಾಡಿ ಕೆಳಗೆ ಬಗ್ಗಿ ಸುರುಳಿ ಡಿಸೈನ್ ನೋಡಿದ್ರು. "ಇಷ್ಟೆಲ್ಲಾ ಯಾಕ್ಲಾ? ಹಿಂದ್ಕೆ ನಾಕ್ ಮೂಟೆ ಮರಳ್ ಎತ್ತಾಕು, ಕಚ್ಕೊಂಡ್ ಓಯ್ತದೆ" ಅಂದ್ರು. ವಿಚಿತ್ರ ಏನಂದ್ರೆ ಅಮೇರಿಕದವ್ರೂ ಅದನ್ನೇ ಹೇಳ್ತಾರೆ, ಡಬ್ಬದಲ್ಲಿ ಭಾರ ಇಡಿ ಅಂತ. ಆದ್ರೆ ಬೋಲ್ಟ್ ಹಾಕಿ ಬಿಗೀರಿ ಅಂತ ಒಂದು ಮಾತು ಸೇರಿಸ್ತಾರೆ. ಭಾಮೈದ ವಿಡಿಯೋದಲ್ಲಿ ಇನ್ನೂ ಒಂದು ಕಲ್ತಿದ್ದ, ಹಿಂದಿನ ಚಕ್ರಕ್ಕಿಂತ ಆಚೆ ಭಾರ ಇಟ್ರೆ ಮುಂದಿನ ಭಾರಾನೂ ಒಂದಷ್ಟು ಹಿಂದಕ್ಕೆ ಬೀಳುತ್ತೆ ಅಂತ. ಲೆಕ್ಕ ಸರೀನೇ. ಕೊಟ್ಟಿಗೆ ಗಾರೆಗೆ ಅಂತ ಮಾವ ತರಿಸಿದ್ದ ಎಂ ಸ್ಯಾಂಡಲ್ಲಿ ನಾಕು ಮೂಟೆ ತುಂಬಿ ಡಬ್ಬದ ಕಟ್ಟಕಡೇಲಿ, ಹಿಂದಿನ ಡೋರಿಗೆ ಒರಗಿಸಿ ನಿಲ್ಲಿಸ್ದ. ಆ ಡೋರಿನ ಒಂದು ಕೊಂಡಿ ಹೋಗಿ ಯಾವ ಕಾಲ ಆಯ್ತೋ, ಬೈಂಡಿಂಗ್ ವೈರ್ ಸುತ್ತಿರೋದು. ಮೂಟೆ ಕಟ್ಟೋಕೆ ಹಗ್ಗ ಹುಡುಕಿದ್ರೆ ಹಗ್ಗ ಪಕ್ಕದ ಮನೆಯವ್ನ ಎಳನೀರಿನ ಮೇಲಿತ್ತು.

ನಾನು ಟವೆಲ್ ಬೀಸ್ದೆ. ನೂರು ಹಾರ್ಸ್‌ಪವರ್ರೂ ಇಲ್ದಿರೋ ಡೀಸೆಲ್ ಗಾಡಿ, ಆದ್ರೂ ಕ್ಲಚ್ಚು ದಡಕ್ಕನೆ ಬಿಟ್ಟಿದ್ದಕ್ಕೆ ಒಳ್ಳೇ ನೆಗೆತಾನೇ ನೆಗೀತು. ಮೂಟೆ ನೆಗೀಲಿಲ್ಲ. ಗಾಡಿ ಮುಂದಕ್ಕೆ ಹೋಯ್ತು, ವೈರ್ ಟಪ್ ಅಂತು, ಡೋರ್ ಬಿತ್ತು, ನಾಕು ಮೂಟೆನೂ ಸಾಲಾಗಿ ನನ್ ಮುಂದೆ ರಸ್ತೆ ಮೇಲೆ ಬಿದ್ದು ಎರಡು ಒಡೆದು ಹೋದ್ವು. ಆ ಕ್ಷಣದಿಂದ ಅದು ಮತ್ತೆ ಖಾಲಿ ಪಿಕಪ್ಪೇ. ಜಲ್ಲಿ ಪುಡಿ ಮೇಲೆ ಬಲಗಡೆ ಚಕ್ರ ಗರ್ರ್ ಅಂತು, ಗಾಡಿ ಅಡ್ಡಡ್ಡ ಸರಿದು ಒಂದು ಸೈಟ್ ಕಲ್ಲು ಕೆಡವಿ ನಿಂತ್ಕೊಳ್ತು. ಎಳನೀರಿನವ್ನು ಸೆಕೆಂಡ್ ಗೇರಲ್ಲಿ ನಿಧಾನಕ್ಕೆ ಪಕ್ಕದಲ್ಲೇ ದಾಟ್ಕೊಂಡು, ಬೋರ್‌ವೆಲ್ ಹತ್ರ ತಿರುಗಿಸ್ಕೊಂಡು, ಹಾರ್ನ್ ಹೊಡ್ದು ಮದ್ದೂರಿಗೆ ಹೋದ. ಟೈಮಾಗಿತ್ತು ಅವನಿಗೆ.

ಭಾಮೈದ ಇಳಿದು ಓಡೋಡಿ ಬಂದ, ಮುಖದಲ್ಲಿ ಖುಷಿನೋ ಖುಷಿ. "ನೋಡುದ್ರಾ ಭಾವ, ಚಕ್ರ ಜಾರ್ತು, ಆದ್ರೆ ಕುಣೀತಾ? ದಡದಡ ಅಂತಾ?" ನಿಜ, ಅನ್ಲಿಲ್ಲ. ಗ್ರಿಲ್ ಅಂಗಡಿಯವ್ನ ಬಾರು ಅದರ ಕೆಲಸ ಅದು ಮಾಡಿತ್ತು, ಈಗ್ಲೂ ಗಾಡೀಲಿದೆ, ಮಳೆಗಾಲದಲ್ಲಿ ಏರಿ ಮೇಲೆ ಗಾಡಿ ಸದ್ದಿಲ್ದೆ ಜಾರುತ್ತೆ.

ಅಷ್ಟೊತ್ತಿಗೆ ಮಾವನೂ ನಡ್ಕೊಂಡು ಬಂದ್ರು. ಬಿದ್ದ ಕಲ್ಲು ನೋಡಿದ್ರು, ಟಾರ್ ಮೇಲೆ ಹರಡಿರೋ ಎಂ ಸ್ಯಾಂಡ್ ನೋಡಿದ್ರು, ಟವೆಲ್ ಹಿಡ್ಕೊಂಡಿದ್ದ ನನ್ನ ನೋಡಿ, ಅಳಿಯ ಅನ್ನೋ ಕಾರಣಕ್ಕೆ ಏನೂ ಅನ್ಲಿಲ್ಲ. ಮಗನ ಕಡೆ ತಿರುಗಿದ್ರು.

"ಲೋ, ಆ ಅಮೇರಿಕದೋರ್ಗೆ ಒಂದ್ ಫೋನಾಕು. ಬರೋವಾಗ ಒಂದ್ ಪೊರಕೆ, ಎರಡ್ ಬಾಂಡ್ಲಿ ತಕ್ಕಂಡ್ ಬರಕ್ಕೇಳು."