ಪುಣೆಗೆ ಹೋಗುವ ಮುಂಚೆ ಬಾಡಿಗೆಗಿಂತ ಮೊದಲು ನೋಡಬೇಕಾದ್ದು

ಪುಣೆಗೆ ವರ್ಗವಾದವರು ಸಂಬಳ, ಬಾಡಿಗೆ ತೂಗಿ ನೋಡಿ ಸಂಸಾರ ಕರೆದೊಯ್ಯಬಹುದು ಎಂದು ಹಲವರು ಹೇಳುತ್ತಾರೆ. ಅಷ್ಟೇ ಸಾಲದು. ಮಕ್ಕಳಿದ್ದರೆ ಲೆಕ್ಕ ಶಾಲೆಯಿಂದಲೇ ಶುರುವಾಗಬೇಕು. 2020ರ ಕಾಯ್ದೆಯಂತೆ ಮಹಾರಾಷ್ಟ್ರದಲ್ಲಿ ಸಿಬಿಎಸ್‌ಇ ಶಾಲೆಗಳಲ್ಲೂ ಮರಾಠಿ ಕಡ್ಡಾಯ. ಒಂದನೇ, ಎರಡನೇ ತರಗತಿಯ ಮಗು ಬೇಗ ಹೊಂದಿಕೊಳ್ಳುತ್ತದೆ. ಎಂಟನೇ ತರಗತಿಯಲ್ಲಿ ಮೊದಲ ಸಲ ಮರಾಠಿ ಹಿಡಿಯುವ ಮಗುವಿಗೆ ನಿಜಕ್ಕೂ ಕಷ್ಟ, ವಿನಾಯಿತಿ ಸಿಗುತ್ತದೆಯೇ ಎಂದು ಶಾಲೆಯಲ್ಲೇ ಬರಹದಲ್ಲಿ ಕೇಳಿ. ಹತ್ತನೇ ತರಗತಿಗೆ ಬೋರ್ಡ್ ಬದಲಿಸುವುದಂತೂ ಬೇಡವೇ ಬೇಡ. ಆ ಒಂದು ವರ್ಷ ಒಬ್ಬರೇ ಹೋಗಿ ಪಿಜಿಯಲ್ಲಿರುವುದು ಮೇಲು. ಟಿಸಿಗೆ ಬಿಇಒ ಕಚೇರಿಯ ಮೇಲುಸಹಿ ಬೇಕೇ ಎಂದು ಕೇಳಿಕೊಂಡು, ಬೇಕಿದ್ದರೆ ಹಾಕಿಸಿಕೊಂಡೇ ಊರು ಬಿಡಿ.

ಕಚೇರಿ ಹಿಂಜವಡಿಯಲ್ಲಿದ್ದರೆ ಬಾಡಿಗೆ ಕಡಿಮೆಯೆಂದು ಊರಿನ ಇನ್ನೊಂದು ತುದಿಯ ವಾಘೋಲಿಯಲ್ಲಿ ಮನೆ ಹಿಡಿಯಬೇಡಿ, ದಿನವೆಲ್ಲ ರಸ್ತೆಯಲ್ಲೇ ಕಳೆಯುತ್ತದೆ. ಮನೆ ನೋಡಲು ಏಪ್ರಿಲ್–ಮೇ ತಿಂಗಳಲ್ಲಿ ಹೋಗಿ, ನೀರಿನ ಕೊರತೆಯಿದ್ದರೆ ಆಗಲೇ ಗೊತ್ತಾಗುವುದು. ದಲ್ಲಾಳಿಯನ್ನಲ್ಲ, ಗೇಟಿನ ವಾಚ್‌ಮನ್ನನ್ನು ಕೇಳಿ: ದಿನಕ್ಕೆ ಎಷ್ಟು ನೀರಿನ ಟ್ಯಾಂಕರ್ ಬರುತ್ತದೆ, ಅದರ ದುಡ್ಡು ಮೇಂಟೆನೆನ್ಸ್‌ನಲ್ಲೇ ಸೇರಿದೆಯೇ, ಬೇರೆ ಕೊಡಬೇಕೇ?

ಅಲ್ಲಿ ಬಾಡಿಗೆ ಕರಾರಿಗೆ ಲೀವ್ ಅಂಡ್ ಲೈಸೆನ್ಸ್ ಅನ್ನುತ್ತಾರೆ. 11 ತಿಂಗಳದ್ದಾದರೂ ನೋಂದಣಿ ಕಡ್ಡಾಯ, ಬರೀ ಸ್ಟಾಂಪ್ ಪೇಪರ್ ನಡೆಯುವುದಿಲ್ಲ. ನೋಂದಣಿಯಾದ ಪ್ರತಿ ಕೈಗೆ ಬಂದರೆ ಗ್ಯಾಸ್, ಬ್ಯಾಂಕ್ ಎಲ್ಲಕ್ಕೂ ಅದೇ ವಿಳಾಸದ ದಾಖಲೆ.

ಇನ್ನು ಕೆಎ ನಂಬರಿನ ಗಾಡಿ. 12 ತಿಂಗಳಿಗಿಂತ ಹೆಚ್ಚು ಅಲ್ಲೇ ಇಟ್ಟರೆ ಮರುನೋಂದಣಿ ಮಾಡಿಸಬೇಕು: ಇಲ್ಲಿನ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಅಲ್ಲಿ ರಸ್ತೆ ತೆರಿಗೆ, ಆಮೇಲೆ ಇಲ್ಲಿ ಕಟ್ಟಿದ್ದ ತೆರಿಗೆಯ ಉಳಿಕೆ ವಾಪಸು ಪಡೆಯಲು ಅರ್ಜಿ. ಸಾಲ ಬಾಕಿಯಿದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರವಿಲ್ಲದೆ ಎನ್‌ಒಸಿ ಸಿಗುವುದಿಲ್ಲ. ಹಳೆಯ ಗಾಡಿಯಾದರೆ ಇಲ್ಲೇ ಮಾರಿ ಹೋಗುವುದು ಒಳ್ಳೆಯದು.